ಉಸಿರು ಎಣಿಸಿದವರಿಗೆ ಬಿದ್ದ ಏಟು

ನನ್ನ ಕಾಯಿಲೆಯಲ್ಲಿ ಸುತ್ತಲಿದ್ದ ಹಲವರಿಗೆ ಪೆಟ್ಟಾಯಿತು. ಒಬ್ಬ ಡಾಕ್ಟರ ತುಟಿ ಒಡೆಯಿತು. ಒಬ್ಬ ನರ್ಸಿನ ಮಣಿಕಟ್ಟು ಉಳುಕಿತು. ನನ್ನ ತಮ್ಮನ ಕತ್ತಿನ ಮೇಲೆ ನನ್ನ ಉಗುರಿನ ಗೆರೆಗಳು ಇವತ್ತಿಗೂ ಇವೆ. ನ್ಯುಮೋನಿಯಾ ಅಂದರೆ ಕೆಮ್ಮು, ಜ್ವರ, ಕಂಬಳಿ, ಗಂಜಿ ಎಂದುಕೊಂಡಿದ್ದವಳು ನಾನು. ಅದರೊಳಗೆ ಇಷ್ಟು ಹೊಡೆದಾಟ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಗುಣವಾದ ಮೇಲೆ ಎಷ್ಟೋ ದಿನ ಈ ವಿಷಯ ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತಿತ್ತು. ಇನ್ನೊಬ್ಬರ ಮನೆಯಲ್ಲೂ ಹೀಗೇ ಆಗಿರಬಹುದು, ಅವರೂ ನನ್ನಂತೆ ತಲೆ ತಗ್ಗಿಸಿ ಕೂತಿರಬಹುದು ಎನ್ನಿಸಿ ಈಗ ಬರೆಯುತ್ತಿದ್ದೇನೆ.

ನನ್ನ ಹೆಸರು ಗಿರಿಜಾ. ವಯಸ್ಸು ನಲವತ್ತಮೂರು. ಮಾಡದಕೆರೆ ಹೋಬಳಿಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ, ಮಕ್ಕಳ ಬಾಯಲ್ಲಿ ಪಿ.ಟಿ. ಮೇಡಂ. ಮನೆ ಹೊಸದುರ್ಗದಲ್ಲಿ. ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದೆ. ಎದುರಾಳಿಯ ಕಾಲು ನನ್ನ ಕೈಗೆ ಸಿಕ್ಕರೆ ಮುಗಿಯಿತು, ಮೈಮೇಲೆ ಬಿದ್ದು ಒದ್ದರೂ ಬಿಡುತ್ತಿರಲಿಲ್ಲ. ಮದುವೆಯಾಗಿ ಬಂದ ಮೇಲೂ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತಿಡುವವಳು ನಾನೇ. ನನ್ನ ಗಂಡ ತಿಪ್ಪೇಸ್ವಾಮಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ, ಮೆತ್ತನೆಯ ಮನುಷ್ಯ. "ನಮ್ಮನೇಲಿ ಗಟ್ಟಿ ಆಳು ಅಂದ್ರೆ ಗಿರಿಜಾನೇ" ಎಂದು ಅವರೇ ಬಂದವರ ಮುಂದೆ ಹೇಳಿಕೊಳ್ಳುತ್ತಿದ್ದರು. ಈ ಗಟ್ಟಿತನವೇ ನನಗೆ ಮುಳುವಾಯಿತು.

ಆ ವರ್ಷದ ತಾಲ್ಲೂಕು ಕ್ರೀಡಾಕೂಟದ ಮೂರೂ ದಿನ ನನ್ನ ಮೈ ಸುಡುತ್ತಿತ್ತು. ಮಾತ್ರೆ ನುಂಗಿ ಬಿಸಿಲಲ್ಲಿ ನಿಂತೆ. ನಾಲ್ಕನೆಯ ದಿನ ಚಳಿ ಬಂತು. ಹಲ್ಲು ಕಟಕಟ ಬಡಿದು ನಾಲಿಗೆಯ ಅಂಚು ಕಚ್ಚಿಹೋಯಿತು. ಬಲ ಪಕ್ಕೆಯಲ್ಲಿ ಯಾರೋ ಕುಡುಗೋಲು ಇಟ್ಟು, ನಾನು ಉಸಿರೆಳೆದಾಗಲೆಲ್ಲ ತಿರುವಿದಂತೆ ನೋವು. ಕೆಮ್ಮಿದರೆ ಕಬ್ಬಿಣದ ತುಕ್ಕಿನ ಬಣ್ಣದ ಕಫ. ಅದನ್ನು ಬಚ್ಚಲಲ್ಲಿ ನೀರು ಹಾಕಿ ತೊಳೆದು, ಯಾರಿಗೂ ಹೇಳದೆ ಮತ್ತೊಂದು ದಿನ ತಳ್ಳಿದೆ.

ಬುಧವಾರ ಬೆಳಿಗ್ಗೆ ಹೊಸದುರ್ಗದ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ ಹೋದೆವು. ಸ್ಕೂಟಿ ಓಡಿಸಿದ್ದು ನಾನೇ. ಗಂಡ ಬೇಡ ಬೇಡ ಎನ್ನುತ್ತಲೇ ಹಿಂದೆ ಕೂತಿದ್ದರು. ನನ್ನ ತಮ್ಮ ಓಬಳೇಶ ಯಲ್ಲದಕೆರೆಯಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್. ಏನೋ ಸಾಮಾನು ಕೊಳ್ಳಲು ಹೊಸದುರ್ಗಕ್ಕೆ ಬಂದಿದ್ದವನು ವಿಷಯ ತಿಳಿದು ಅಲ್ಲಿಗೇ ಬಂದ. ಕಾಯುವ ಜಾಗದಲ್ಲಿ ಹತ್ತು ಹನ್ನೆರಡು ಜನ ಇದ್ದರು. ನನ್ನ ಪಕ್ಕದಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಹೆಂಗಸು ನನ್ನನ್ನೇ ನೋಡುತ್ತಿದ್ದಳು. "ಅಕ್ಕಾ, ನೀವು ಮೊದ್ಲು ಹೋಗ್ರಿ, ನಮ್ದು ಬರೀ ನೆಗಡಿ" ಎಂದಳು. "ನನಗೇನೂ ಆಗಿಲ್ಲಮ್ಮ, ನೀನು ಹೋಗು" ಎಂದೆ. ಆ ನಾಲ್ಕು ಮಾತು ಹೇಳಲು ಎರಡು ಸಲ ನಿಲ್ಲಬೇಕಾಯಿತು. ಅವಳು ಕೇಳಲಿಲ್ಲ. ಎದ್ದುಹೋಗಿ ಒಳಗಿದ್ದ ಡಾಕ್ಟರಿಗೆ ಹೇಳಿದಳು. ಅವಳ ಹೆಸರೂ ನನಗೆ ಗೊತ್ತಿಲ್ಲ.

ಡಾಕ್ಟರ್ ನವೀನ್‌ಗೆ ಇಪ್ಪತ್ತೆಂಟು ಇರಬಹುದು. ಸಣಕಲು ದೇಹ. ನನ್ನ ಮಣಿಕಟ್ಟು ಹಿಡಿದುಕೊಂಡು, ನಾಡಿ ನೋಡುವವರಂತೆ ನಟಿಸುತ್ತ, ಪೂರ್ತಿ ಒಂದು ನಿಮಿಷ ನನ್ನ ಎದೆ ಏರಿಳಿಯುವುದನ್ನು ಎಣಿಸಿದರು.

"ಮೇಡಂ, ನಿಮಿಷಕ್ಕೆ ಮೂವತ್ನಾಲ್ಕು ಸಲ ಉಸಿರಾಡ್ತಿದೀರ."

"ಮೆಟ್ಲು ಹತ್ತಿ ಬಂದ್ನಲ್ಲ ಸಾರ್, ಅದಕ್ಕೆ."

"ಹತ್ತಿ ಅರ್ಧ ಗಂಟೆ ಆಯ್ತು. ಇವತ್ತು ಯಾವ ವಾರ ಹೇಳ್ರಿ?"

"ಸೋಮವಾರ."

ನನ್ನ ಗಂಡ ನಕ್ಕರು. "ಅವ್ಳಿಗೆ ರಜ ಬಂದ್ರೆ ವಾರಾನೇ ನೆನಪಿರಲ್ಲ ಸಾರ್" ಎಂದರು. ಡಾಕ್ಟರು ನಗಲಿಲ್ಲ. ಬಿ.ಪಿ. ನೋಡಿದರು, ಪಟ್ಟಿ ಬಿಚ್ಚಿ ಇನ್ನೊಂದು ಕೈಗೆ ಕಟ್ಟಿ ಮತ್ತೆ ನೋಡಿದರು. ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಸಿಕ್ಕಿಸಿದರು, ಮೂಗಿಗೆ ಮಾಸ್ಕ್ ಹಾಕಿಸಿದರು. ಎಕ್ಸ್‌ರೇ ಬಂತು. ಬಲಗಡೆ ಕೆಳಗಿನ ಅರ್ಧಕ್ಕೆ ಸುಣ್ಣ ಬಳಿದ ಹಾಗಿತ್ತು. ಆಮೇಲೆ ಅವರು ನನ್ನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತು ಹೇಳಿದರು:

"ಮೇಡಂ, ಈಗ ನೀವು ಕೂತ್ಕಂಡು ಮಾತಾಡ್ತಿದೀರ. ಆದ್ರೆ ನಾವು ನೋಡೋದು ಈಗ ಹೆಂಗಿದೀರ ಅಂತ ಮಾತ್ರ ಅಲ್ಲ, ಇನ್ನೊಂದು ದಿನಕ್ಕೆ ಹೆಂಗಾಗ್ತೀರ ಅಂತ. ಅದಕ್ಕೊಂದು ಲೆಕ್ಕ ಐತೆ. ಉಸಿರು ಜಾಸ್ತಿ, ಬಿ.ಪಿ. ಕಮ್ಮಿ, ವಾರ ತಪ್ಪಿ ಹೇಳಿದ್ರಿ. ಮೂರೂ ಸೇರಿದ್ರೆ ಸಾಮಾನ್ಯ ವಾರ್ಡ್ ಸಾಕಾಗಲ್ಲ, ಐ.ಸಿ.ಯು. ಬೇಕಾಗ್ತದೆ. ನಮ್ಮಲ್ಲಿ ಇಲ್ಲ. ಈಗ್ಲೇ ಚಿತ್ರದುರ್ಗಕ್ಕೆ ಹೊರಡ್ರಿ. ಆಂಬುಲೆನ್ಸ್ ಕರೆಸ್ತೀನಿ."

ಐ.ಸಿ.ಯು. ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಬಾಗಿಲಲ್ಲಿ ನಿಂತಿದ್ದ ಓಬಳೇಶ ಒಳಗೆ ನುಗ್ಗಿದ. ಮೂರು ವರ್ಷದ ಹಿಂದೆ ನಮ್ಮವ್ವ ಇದೇ ರೀತಿ ಜ್ವರ ಬಂದು ಬೇರೊಂದು ಊರಿನ ಐ.ಸಿ.ಯು. ಸೇರಿದ್ದಳು. ಗಾಜಿನ ಬಾಗಿಲ ಹೊರಗೆ ಒಂಬತ್ತು ದಿನ ನಿಂತವನು ಅವನು. ಕೊನೆಯ ಸಲ ಅವಳ ಮುಖ ನೋಡಲೂ ಆಗಿರಲಿಲ್ಲ.

"ಸ್ಕೂಟಿ ಓಡಿಸ್ಕಂಡು ಬಂದವ್ಳೆ ನಮ್ಮಕ್ಕ. ಅವ್ಳಿಗೆ ಐ.ಸಿ.ಯು. ಯಾಕ್ರೀ? ನಮ್ಮವ್ವನೂ ನಡ್ಕಂಡೇ ಒಳಗೋಗಿದ್ಲು. ಬಟ್ಟೆ ಸುತ್ತಿ ಕೊಟ್ರಿ ನಮ್ಗೆ!"

"ನಿಮ್ಮ ಸಂಕಟ ಅರ್ಥ ಆಗ್ತದೆ. ಆದ್ರೆ ತಡ ಮಾಡಿದ್ರೆ ನಾಳೆ ಹೊತ್ತಿಗೆ ಇವರು ಉಳಿಯೋದು..."

ಮಾತು ಮುಗಿಯಲಿಲ್ಲ. "ಸಾಯ್ತಾಳೆ ಅಂತೀಯೇನಲೇ?" ಎಂದು ಓಬಳೇಶ ಅವರ ಕತ್ತಿನ ಪಟ್ಟಿ ಹಿಡಿದೆತ್ತಿದ. ಸ್ಟೂಲು ಉರುಳಿತು. ಸ್ಪ್ಯಾನರು ಹಿಡಿದು ಹಿಡಿದು ಬಲಿತ ಕೈ ಅವನದು. ಒಂದೇ ಗುದ್ದು. ಡಾಕ್ಟರ ತಲೆ ಗೋಡೆಗೆ ಬಡಿದ ಸದ್ದು ನನಗೆ ಚೆನ್ನಾಗಿ ನೆನಪಿದೆ. ತುಟಿಯಿಂದ ರಕ್ತ ಗಲ್ಲಕ್ಕಿಳಿದು ಬಿಳಿ ಕೋಟಿನ ಮೇಲೆ ಬಿತ್ತು. ಬಿಡಿಸಲು ಬಂದ ಕಾಂಪೌಂಡರನ್ನು ನನ್ನ ಗಂಡ, ಆ ಮೆತ್ತನೆಯ ಮನುಷ್ಯ, ಎರಡೂ ಕೈಯಿಂದ ನೂಕಿದರು. ಆತ ಹೋಗಿ ಔಷಧದ ಬೀರುವಿನ ಮೇಲೆ ಬಿದ್ದ, ಗಾಜು ಒಡೆಯಿತು. ಹೊರಗೆ ಮಗುವಿನ ಅಳು, ಹೆಂಗಸರ ಕೂಗು.

ಮೈದಾನದಲ್ಲಿ ಮುನ್ನೂರು ಮಕ್ಕಳನ್ನು ಒಂದು ಕೂಗಿಗೆ ನಿಲ್ಲಿಸುತ್ತಿದ್ದವಳು ನಾನು. "ಬಿಡೋ ಓಬಳೇಶ" ಎಂದು ಕಿರುಚಬೇಕೆಂದು ಬಾಯಿ ತೆರೆದೆ. ಮಾಸ್ಕಿನೊಳಗೆ ಬರೀ ಗಾಳಿ ಹೊರಟಿತು. ಆ ಗಳಿಗೆಯಲ್ಲಿ ಮೊದಲ ಸಲ ನನಗೆ ಭಯವಾಯಿತು. ಡಾಕ್ಟರು ಹೇಳಿದ್ದು ನಿಜ, ನನ್ನೊಳಗೆ ಏನೂ ಉಳಿದಿಲ್ಲ ಎಂದು ಗೊತ್ತಾಯಿತು.

ಗೊತ್ತಾಗಿಯೂ ನಾನೊಂದು ತಪ್ಪು ಮಾಡಿದೆ. ಬೇರೆ ಯಾರ ಮೇಲೂ ಅದನ್ನು ಹೊರಿಸಲಾರೆ. "ಅಕ್ಕಾ, ಹೋಗಾಣ ನಡಿ. ನಮ್ಮೂರಿಗೆ ಹೋಗಾಣ, ಅಲ್ಲೇ ಇಂಜೆಕ್ಷನ್ ಹಾಕಿಸ್ತೀನಿ" ಎಂದು ತಮ್ಮ ಕೈ ಹಿಡಿದಾಗ ಎದ್ದು ನಿಂತೆ. ಡಾಕ್ಟರು ಕರವಸ್ತ್ರದಿಂದ ಬಾಯಿ ಒತ್ತಿಕೊಂಡು, "ಮೇಡಂ, ಹೋಗಬೇಡ್ರಿ. ಹೋದ್ರೂ ಚಿತ್ರದುರ್ಗಕ್ಕೆ ಹೋಗ್ರಿ" ಎಂದರು. ನಮ್ಮ ಇಚ್ಛೆಯಿಂದ ಹೋಗುತ್ತಿದ್ದೇವೆ ಎಂಬ ಕಾಗದಕ್ಕೆ ನಾನೇ ಸಹಿ ಹಾಕಿದೆ. ಅವ್ವನ ಹಾಗೆ ಗಾಜಿನ ಹಿಂದೆ ಒಬ್ಬಳೇ ಹೋಗುವುದು ನನಗೂ ಬೇಡವಾಗಿತ್ತು.

ತಮ್ಮನ ಕಾರಿನಲ್ಲಿ ಯಲ್ಲದಕೆರೆಗೆಂದು ಹಿರಿಯೂರು ರಸ್ತೆ ಹಿಡಿದೆವು. ಮುಂದಿನದು ನನಗೆ ತುಂಡು ತುಂಡಾಗಿ ನೆನಪಿದೆ, ಉಳಿದದ್ದನ್ನು ಗಂಡ ಹೇಳಿದ್ದಾರೆ. ಮಾಸ್ಕ್ ಇಲ್ಲದೆ ಒಂದು ಗಂಟೆ ಕಳೆಯುವುದರೊಳಗೆ ನನ್ನ ಮಾತು ದಾರಿ ತಪ್ಪಿತಂತೆ. "ಹಾಫ್ ಟೈಮ್ ಆಯ್ತಾ?" ಎಂದು ಕೇಳಿದೆನಂತೆ. ನನ್ನ ಕಣ್ಣಿಗೆ ಕಂಡದ್ದು ಮುಂದಿನ ಸೀಟಿನಲ್ಲಿ ಬೆನ್ನು ಮಾಡಿ ಕೂತ ಎದುರಾಳಿ. ನಮ್ಮ ಅಂಕಣದೊಳಗೆ ಬಂದು ಕೂತಿದ್ದಾನೆ, ಗೆರೆ ದಾಟಲು ಬಿಡಬಾರದು. ಹಿಂದಿನಿಂದ ಎರಡೂ ಕೈ ಹಾಕಿ ಅವನ ಕುತ್ತಿಗೆ ಹಿಡಿದೆ. ಅದು ನನ್ನ ತಮ್ಮ, ಅವನ ಕೈಯಲ್ಲಿ ಸ್ಟೇರಿಂಗ್ ಇದೆ ಎಂಬುದು ನನ್ನ ತಲೆಯಲ್ಲಿರಲಿಲ್ಲ. ಕಾರು ರಸ್ತೆ ಬಿಟ್ಟು ಇಳಿದು ಕಲ್ಲಿಗೆ ಗುದ್ದಿ ನಿಂತಿತು. ಗಂಡನ ಹಣೆ ಮುಂದಿನ ಸೀಟಿಗೆ ಬಡಿಯಿತು. ನನ್ನ ಕೈ ಬಿಡಿಸಲು ಬಂದಾಗ ಅವರ ಮುಂಗೈ ಕಚ್ಚಿದೆ. ಬಾಯಲ್ಲಿ ರಕ್ತದ ಉಪ್ಪು, ಅದು ಯಾರದೆಂದು ಗೊತ್ತಿರಲಿಲ್ಲ.

ಓಬಳೇಶ ಕೆಮ್ಮುತ್ತ, ಕತ್ತು ಹಿಡಿದುಕೊಂಡು ತಿರುಗಿ ನೋಡಿದ. "ಭಾವ... ಅಕ್ಕನ ತುಟಿ ನೋಡ್ರಿ" ಎಂದ. ನೇರಳೆ ಹಣ್ಣು ತಿಂದವರ ಹಾಗಿತ್ತಂತೆ. ಗಂಡ ಜೀವಮಾನದಲ್ಲೇ ಮೊದಲ ಸಲ ಅವನ ಮೇಲೆ ಕೂಗಿದರು: "ನಿಮ್ಮೂರೂ ಬೇಡ, ಏನೂ ಬೇಡ, ತಿರುಗ್ಸಲೇ ಆಸ್ಪತ್ರೆಗೆ!" ಕಾರು ಹೇಗೋ ಚಾಲೂ ಆಯಿತು. ಹಿರಿಯೂರಿನ ಒಂದು ಆಸ್ಪತ್ರೆಯವರು ಒಂದು ಪ್ರಶ್ನೆಯನ್ನೂ ಕೇಳದೆ ಆಕ್ಸಿಜನ್ ಹಾಕಿ, ಸೂಜಿ ಚುಚ್ಚಿ, ತಮ್ಮದೇ ಆಂಬುಲೆನ್ಸ್‌ನಲ್ಲಿ ಚಿತ್ರದುರ್ಗಕ್ಕೆ ಕಳಿಸಿದರು.

ಚಿತ್ರದುರ್ಗದ ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಇಳಿಸುವಾಗ ಒಬ್ಬ ನರ್ಸ್ ಓಡಿಬಂದು, "ಹೊಸದುರ್ಗದ ಪಿ.ಟಿ. ಮೇಡಮ್ಮಾ? ಒಳಗೆ ತಗಂಬರ್ರಿ, ಬೆಡ್ ಇಟ್ಟೀವಿ" ಎಂದಳಂತೆ. ಓಬಳೇಶ ಪೆಚ್ಚಾಗಿ ನಿಂತ. "ನಾವು ಬರ್ತೀವಿ ಅಂತ ಯಾರು ಹೇಳಿದ್ರು?"

"ಅಲ್ಲಿ ಡಾಕ್ಟರ್ ನವೀನ್ ಅಂತ ಅವ್ರಲ್ಲ, ಅವ್ರು. ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡವ್ರೆ. ಬಂದ್ರಾ, ಬಂದ್ರಾ ಅಂತ. ಮಾತೇ ಸರಿಯಾಗಿ ಬರ್ತಿರಲಿಲ್ಲ ಅವ್ರಿಗೆ, ಬಾಯಿಗೆ ಏನೋ ಆಗೈತಂತೆ."

ಓಬಳೇಶ ಅಲ್ಲೇ ನೆಲದ ಮೇಲೆ ಕುಂತುಬಿಟ್ಟನಂತೆ.

ಒಳಗಿನ ಆರು ದಿನಗಳ ಬಗ್ಗೆ ಜನ ಕೇಳುತ್ತಾರೆ. ನಿದ್ದೆಯಂತಿತ್ತಾ, ನೋವಿತ್ತಾ ಎಂದು. ನಿದ್ದೆಯಂತಿರಲಿಲ್ಲ. ಯುದ್ಧದಂತಿತ್ತು. ಗಂಟಲೊಳಗೆ ಯಾರೋ ಪೈಪು ತುರುಕಿದ್ದರು, ಅದರಿಂದ ಒಳಗೆ ನುಗ್ಗುವ ಗಾಳಿ ನನ್ನದಲ್ಲ, ನನಗೆ ಬೇಡದ ಹೊತ್ತಿಗೆ ಬಂದು ಪಕ್ಕೆಲುಬು ತಳ್ಳುತ್ತಿತ್ತು. ಔಷಧದ ಮಂಪರು ಇಳಿದಾಗಲೆಲ್ಲ ಸುತ್ತ ನಿಂತವರೆಲ್ಲ ಎದುರಾಳಿ ತಂಡದವರಾಗುತ್ತಿದ್ದರು. ಅವರು ನನ್ನನ್ನು ಮಣ್ಣಿಗೊತ್ತಿ ಹಿಡಿದಿದ್ದಾರೆ, ಗೆರೆ ಕೈಯಳತೆಯಲ್ಲೇ ಇದೆ, ರೆಫರಿ ಬೇಕೆಂದೇ ನೋಡುತ್ತಿಲ್ಲ. ಒದ್ದೆ. ಪರಚಿದೆ. ಒಂದು ಸಲ ಮೂಗಿನ ನಳಿಕೆ ಕಿತ್ತೆ. ಇನ್ನೊಂದು ಸಲ ಗಂಟಲ ಪೈಪಿಗೆ ಕೈ ಹಾಕಿದಾಗ ಒಬ್ಬ ನರ್ಸ್ ನನ್ನ ಕೈ ಹಿಡಿದುಕೊಂಡಳು. ನಾನು ಅವಳ ಮಣಿಕಟ್ಟು ಸಿಕ್ಕಿಸಿಕೊಂಡು, ಇಪ್ಪತ್ತು ವರ್ಷದ ಹಿಂದೆ ಕಲಿತ ರೀತಿಯಲ್ಲೇ ತಿರುಚಿದೆ. ಅವಳು ಕಿರುಚಿದಳು. ಆದರೆ ಬಿಡಲಿಲ್ಲ. ಅವಳು ಬಿಟ್ಟಿದ್ದರೆ ಆ ಪೈಪು ಹೊರಗೆ ಬರುತ್ತಿತ್ತು, ನಾನು ಇದನ್ನು ಬರೆಯುತ್ತಿರಲಿಲ್ಲ.

ಆಮೇಲೆ ನನ್ನ ಎರಡೂ ಕೈಗಳನ್ನು ಬಟ್ಟೆಯ ಪಟ್ಟಿಯಿಂದ ಮಂಚಕ್ಕೆ ಕಟ್ಟಿದರು. ಕಟ್ಟುವಾಗ ಕಿವಿಯ ಹತ್ತಿರ ಬಂದ ದನಿ ಮಾತ್ರ ಸ್ಪಷ್ಟವಾಗಿ ಕೇಳಿತು: "ಕೈ ಕಟ್ತಿದೀನಿ ಮೇಡಂ, ಬೈಕಬೇಡ್ರಿ. ನೀವು ಹುಷಾರಾದ ತಕ್ಷಣ ನಾನೇ ಬಿಚ್ತೀನಿ." ಆರನೆಯ ದಿನ ಪೈಪು ತೆಗೆದರು. ಕಣ್ಣು ತಿಳಿಯಾದಾಗ ಎದುರಿಗೆ ಅದೇ ದನಿಯ ಹುಡುಗಿ, ಹೊಳಲ್ಕೆರೆಯ ಮಂಜುಳಾ. ಎಡ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿತ್ತು.

"ಏನಾಯ್ತು ಸಿಸ್ಟರ್ ಕೈಗೆ?" ನನ್ನ ದನಿ ಕಾಗೆಯ ದನಿಯಾಗಿತ್ತು.

"ನೀವೇ ಮಾಡಿದ್ದು ಮೇಡಂ" ಎಂದು ನಕ್ಕಳು. "ನಾನೂ ಹೈಸ್ಕೂಲಲ್ಲಿ ಕಬಡ್ಡಿ ಆಡ್ದವ್ಳೇ. ಮಲಗಿರೋರು ಹಿಂಗೆ ಹಿಡೀತಾರೆ ಅಂತ ಗೊತ್ತಿರ್ಲಿಲ್ಲ."

ನಾನು ಅತ್ತೆ. ಅವಳು ಆ ಬ್ಯಾಂಡೇಜಿನ ಕೈಯಿಂದಲೇ ನನ್ನ ತುಟಿಗೆ ಒದ್ದೆ ಹತ್ತಿ ಒತ್ತುತ್ತ, "ಉಸಿರು ಕಮ್ಮಿಯಾದಾಗ ಎಲ್ರೂ ಹಿಂಗೇ. ಪೂಜೆ ಮಾಡೋ ಅಜ್ಜಂದಿರೂ ಬೈತಾರೆ, ಉಗೀತಾರೆ. ಅದು ನೀವಲ್ಲ ಮೇಡಂ, ನಿಮ್ಮ ಕಾಯಿಲೆ" ಎಂದಳು. ನನ್ನ ಬಗ್ಗೆ ಅದನ್ನು ಒಪ್ಪಿಕೊಂಡೆ. ಆದರೆ ಹೊಸದುರ್ಗದಲ್ಲಿ ಗುದ್ದಿದವನಿಗೆ ಯಾವ ಕಾಯಿಲೆಯೂ ಇರಲಿಲ್ಲವಲ್ಲ?

ಅವನ ಕತೆ ಆ ಆರು ದಿನ ಬಾಗಿಲ ಹೊರಗೆ ಬೇರೆಯೇ ನಡೆದಿತ್ತು. ಹೊರಗಿನ ಬೆಂಚಿನಲ್ಲಿ ನನ್ನ ಗಂಡ, ತಮ್ಮನ ಜೊತೆ ಬಬ್ಬೂರಿನ ರಂಗಪ್ಪ ಎಂಬ ಕೂಲಿ ಮಾಡುವ ಮನುಷ್ಯ ಇದ್ದ. ಅವನ ಹೆಂಡತಿ ಲಕ್ಷ್ಮಕ್ಕ ನನ್ನ ಪಕ್ಕದ ಮಂಚದಲ್ಲಿದ್ದಳು, ಅದೇ ಕಾಯಿಲೆ. ಮೂರು ಜನ ಒಂದೇ ಬುತ್ತಿಯ ರೊಟ್ಟಿ ತಿಂದರು. ರಂಗಪ್ಪ ಹೇಳಿದ್ದನಂತೆ: "ನಮ್ಮಾಕಿದು ಬಂದಾಗ ಎಲ್ಲಾ ಚೆನ್ನಾಗೇ ಇತ್ತು ಸಾಮಿ. ಉಸಿರು ಎಣಿಸಿದ್ರು, ಬಿ.ಪಿ. ನೋಡಿದ್ರು, ವಾರ ಕೇಳಿದ್ರು, ಎಲ್ಲ ಸರಿಯಾಗಿ ಹೇಳಿದ್ಲು. ಭಯ ಇಲ್ಲ, ವಾರ್ಡಲ್ಲೇ ಸಾಕು ಅಂದ್ರು. ನಾಕನೇ ದಿನಕ್ಕೆ ಹಿಂಗಾತು." ಲೆಕ್ಕ ಕೆಟ್ಟದ್ದು ಬರುತ್ತದೆ ಎಂದಿದ್ದರೂ ನಾನು ಉಳಿಯುತ್ತಿದ್ದೆ. ಬರುವುದಿಲ್ಲ ಎಂದಿದ್ದರೂ ಅವಳಿಗೆ ಬಂದಿತ್ತು. ಆ ಲೆಕ್ಕ ಬಹಳ ಸಲ ನಿಜವಾಗುತ್ತದಂತೆ, ಎಲ್ಲ ಸಲವೂ ಅಲ್ಲ.

ಐದನೆಯ ದಿನ ಮಧ್ಯಾಹ್ನ ಡಾಕ್ಟರೊಬ್ಬರು ಹೊರಬಂದು ರಂಗಪ್ಪನನ್ನು ಹೆಸರು ಹಿಡಿದು ಕರೆದರು. ಮಾತು ಮುಗಿಯುವ ಮೊದಲೇ ಓಬಳೇಶ ಎದ್ದು ನಿಂತನಂತೆ. ರಂಗಪ್ಪ ಕೈ ಎತ್ತುತ್ತಾನೆ, ಬಾಗಿಲು ಒದೆಯುತ್ತಾನೆ, ಆ ಡಾಕ್ಟರ ಮೇಲೆ ಬೀಳುತ್ತಾನೆ ಎಂದುಕೊಂಡ. ತಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ ಎಂದು ಆಮೇಲೆ ನನ್ನ ಹತ್ತಿರ ಹೇಳಿದ. ರಂಗಪ್ಪ ಗೋಡೆ ಹಿಡಿದುಕೊಂಡ. ಆಮೇಲೆ ಕೇಳಿದ್ದು ಒಂದೇ ಮಾತು: "ಕೊನೇಗೆ ಅವಳ ಹತ್ರ ಯಾರಾದ್ರೂ ಇದ್ರಾ ಸಾಮಿ?"

"ಇದ್ರು. ಸಿಸ್ಟರ್ ಕೈ ಹಿಡ್ಕಂಡಿದ್ರು."

"ಹಂಗಾದ್ರೆ ಸೈ" ಎಂದು ರಂಗಪ್ಪ ಹೆಗಲ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಅವನು ಬೀಳದಂತೆ ಅಪ್ಪಿ ಹಿಡಿದದ್ದು ಓಬಳೇಶ. ಬಬ್ಬೂರಿನವರೆಗೂ ಆ ದೇಹದ ಜೊತೆ ಹೋಗಿ, ಮಣ್ಣು ಹಾಕಿ ಬಂದ.

ಹನ್ನೊಂದನೆಯ ದಿನ ನನ್ನನ್ನು ಮನೆಗೆ ಕಳಿಸಿದರು. ಬಚ್ಚಲಿಗೆ ಹೋಗಿ ಬರಲು ಎರಡು ಸಲ ಕೂರಬೇಕಾಗುತ್ತಿತ್ತು. ಕೂದಲು ಹಿಡಿ ಹಿಡಿಯಾಗಿ ಉದುರಿತು. ಗಂಡನ ಮುಂಗೈ ಮೇಲೆ ನನ್ನ ಹಲ್ಲಿನ ಗುರುತು ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದೆ. ಅವರು ಒಂದು ದಿನ ಕಾಫಿ ಲೋಟ ಕೈಗಿಡುತ್ತ, "ಕಚ್ಚಿದ್ದಕ್ಕೆ ಬೇಜಾರಿಲ್ಲ ಕಣೆ. ಆ ಕಾಂಪೌಂಡರನ್ನ ನೂಕಿದ್ನಲ್ಲ, ಅದು ನಿದ್ದೆ ಮಾಡಾಕೆ ಬಿಡ್ತಿಲ್ಲ" ಎಂದರು. ಆ ವಾರವೇ ಹೋಗಿ ಅವನ ಕೈ ಹಿಡಿದು ಕ್ಷಮೆ ಕೇಳಿ ಬಂದರು.

ಡಾಕ್ಟರ್ ನವೀನ್ ಪೊಲೀಸ್ ದೂರು ಕೊಟ್ಟಿದ್ದರು. ಊರಿನವರು ಒಬ್ಬಿಬ್ಬರು, ದೊಡ್ಡವರನ್ನು ಹಿಡಿದು ರಾಜಿ ಮಾಡಿಸೋಣ ಎಂದು ಬಂದರು. ಓಬಳೇಶ ಬೇಡವೆಂದ. ತಾನೇ ಠಾಣೆಗೆ ಹೋಗಿ, ಹೊಡೆದದ್ದು ನಾನೇ ಎಂದು ಹೇಳಿಕೆ ಬರೆಸಿದ. ಈಗ ಕೋರ್ಟಿನ ವಾಯಿದೆಗಳಿಗೆ ಓಡಾಡುತ್ತಿದ್ದಾನೆ.

ಆರು ವಾರದ ಮೇಲೆ ಮತ್ತೊಂದು ಎಕ್ಸ್‌ರೇ ತೆಗೆಸಬೇಕಿತ್ತು. ಚಿತ್ರದುರ್ಗಕ್ಕೇ ಹೋಗಬಹುದಿತ್ತು. ನಾನು ಹೊಸದುರ್ಗದ ಆಸ್ಪತ್ರೆಗೇ ಹೋಗುತ್ತೇನೆಂದೆ. ಓಬಳೇಶ ನಾನೂ ಬರುತ್ತೇನೆಂದ. ಔಷಧದ ಬೀರುವಿಗೆ ಹೊಸ ಗಾಜು ಹಾಕಿಸಿದ್ದರು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗಿದೆ ಮೇಡಂ. ಇನ್ನೆರಡು ತಿಂಗಳು ಓಡಬೇಡ್ರಿ" ಎಂದರು. ಅವರ ಮೇಲ್ದುಟಿಯಲ್ಲಿ ಸಣ್ಣ ಕಲೆ ಉಳಿದಿತ್ತು.

ಓಬಳೇಶ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದ. "ಸಾರ್, ನಂದು ತಪ್ಪಾತು. ಕೇಸ್ ವಾಪಸ್ ತಗಳ್ರಿ ಅಂತ ಕೇಳಾಕೆ ಬಂದಿಲ್ಲ."

"ತಗಳಲ್ಲ" ಎಂದರು ಡಾಕ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾಳೆ ಇಲ್ಲಿ ಇನ್ನೊಬ್ಬ ಡಾಕ್ಟ್ರು ಕೂತಿರ್ತಾರೆ. ನಿಜ ಹೇಳಾಕೆ ಅವ್ರು ಹೆದರಬಾರದು."

"ಸರಿ ಸಾರ್" ಎಂದು ಓಬಳೇಶ ಕೈ ಮುಗಿಯಲು ಎರಡೂ ಕೈ ಮೇಲೆತ್ತಿದ.

ಡಾಕ್ಟರು ತಟ್ಟನೆ ಹಿಂದಕ್ಕೆ ಸರಿದು, ಎಕ್ಸ್‌ರೇ ಹಿಡಿದ ಕೈಯನ್ನು ಮುಖಕ್ಕೆ ಅಡ್ಡ ಹಿಡಿದರು. ಕುರ್ಚಿ ಗೋಡೆಗೆ ತಾಗಿತು. ಮರುಕ್ಷಣವೇ ಅವರಿಗೆ ಗೊತ್ತಾಗಿ, ಕೈ ಇಳಿಸಿ, ಮೇಜಿನ ಮೇಲಿನ ಕಾಗದ ಸರಿಮಾಡತೊಡಗಿದರು. ಕಿವಿಯವರೆಗೂ ಮುಖ ಕೆಂಪಾಗಿತ್ತು.

ಓಬಳೇಶನ ಕೈಗಳು ಅರ್ಧದಲ್ಲೇ ನಿಂತಿದ್ದವು. ಅವನು ಅವನ್ನು ಮೆಲ್ಲಗೆ, ಎದುರಿನವರಿಗೆ ಪೂರ್ತಿ ಕಾಣುವ ಹಾಗೆ ಕೆಳಗಿಳಿಸಿ, ಬೆನ್ನ ಹಿಂದೆ ಕಟ್ಟಿಕೊಂಡ. ನನಗೆ ಔಷಧಿ ಬರೆದು ಮುಗಿಯುವವರೆಗೂ ಹಾಗೇ ನಿಂತಿದ್ದ.